ಮಗುವಿಗೆ ಜ್ವರ: ಯಾವ ಲಕ್ಷಣ ಕಂಡರೆ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

"ನೂರಾ ಎರಡು ತೋರಿಸ್ತಿದೆ, ಏನು ಮಾಡ್ಲಿ?" ಅಂತ ರಾತ್ರಿ ಹನ್ನೊಂದಕ್ಕೆ ತಂಗಿಯೋ ಗೆಳತಿಯೋ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಮಗುವಿಗೆ ಎಷ್ಟು ತಿಂಗಳು ಅಂತ. ಆಮೇಲೆ ಹಾಲು ಕುಡಿಯುತ್ತಿದೆಯಾ, ಉಚ್ಚೆ ಮಾಡಿದೆಯಾ, ಉಸಿರು ಹೇಗಿದೆ, ಕರೆದರೆ ಮುಖ ನೋಡುತ್ತದೆಯಾ. ಜ್ವರ ಎಷ್ಟು ಅನ್ನೋದು ಇದೆಲ್ಲ ಆದಮೇಲೆ. 103 ಇದ್ದರೂ ನಡುನಡುವೆ ಎದ್ದು ಡಬ್ಬಿ ಬಡಿಯುವ ಒಂದು ವರ್ಷದ ಮಗುವಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ. 100 ಇದ್ದು, ಹಾಲು ಬಿಟ್ಟು, ಸಪ್ಪಗೆ ಮಲಗಿರುವ ಒಂದೂವರೆ ತಿಂಗಳ ಕೂಸಿನ ಬಗ್ಗೆ ಇದೆ.

ಇದು ಡಾಕ್ಟರ ಬದಲಿಗೆ ಓದುವಂಥದ್ದಲ್ಲ. ಬೆಳಗಿನ ತನಕ ಕಾಯಬಹುದಾ, ಈಗಲೇ ಹೊರಡಬೇಕಾ ಅಂತ ನಿರ್ಧಾರ ಮಾಡೋಕೆ.

ಮೂರು ತಿಂಗಳು ತುಂಬಿಲ್ಲ, ಮೈ ಬಿಸಿ ಇದೆ

ಇಲ್ಲಿ ಮನೆಮದ್ದು, ಕಾದು ನೋಡೋದು, ಮೆಡಿಕಲ್ ಸ್ಟೋರಿನಲ್ಲಿ ಕೇಳೋದು ಯಾವುದೂ ಇಲ್ಲ. 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ. ಎರಡು ತಿಂಗಳೊಳಗಿನ ಮಗುವಾದರೆ ಗಡಿ ಇನ್ನೂ ಕಡಿಮೆ. ಕಂಕುಳಲ್ಲಿ 99.5 ಬಂದರೇ ತೋರಿಸಬೇಕು. ಇಷ್ಟು ಚಿಕ್ಕ ಮಕ್ಕಳಲ್ಲಿ ರಕ್ತದ ಸೋಂಕು, ಮೆದುಳು ಜ್ವರ, ಮೂತ್ರದ ಸೋಂಕು ಎಲ್ಲವೂ ಶುರುವಿನಲ್ಲಿ ಒಂದೇ ಥರ ಕಾಣುತ್ತವೆ: ಸ್ವಲ್ಪ ಬಿಸಿ, ಸ್ವಲ್ಪ ಸಪ್ಪೆ, ಹಾಲು ಕಡಿಮೆ. ಪರೀಕ್ಷೆ ಮಾಡದೆ ಯಾವುದು ಅಂತ ಯಾರಿಗೂ ಹೇಳೋಕಾಗಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿಬಿಟ್ಟರೆ ಇರುವ ಒಂದು ಸುಳಿವೂ ಹೋಗುತ್ತದೆ. ಅದಕ್ಕೇ ಡಾಕ್ಟರ್ ಹೇಳದೆ ಈ ವಯಸ್ಸಿಗೆ ಅದನ್ನು ಕೊಡಬಾರದು.

ಜನ ಮರೆಯುವ ಇನ್ನೊಂದು ವಿಷಯ ಇದೆ. ಸೋಂಕಾದ ಎಳೆ ಮಗುವಿಗೆ ಮೈ ಬಿಸಿಯೇ ಆಗಬೇಕು ಅಂತಿಲ್ಲ, ತಣ್ಣಗೂ ಆಗಬಹುದು. ಬಟ್ಟೆ ಸುತ್ತಿದ್ದರೂ ಹೊಟ್ಟೆ, ಪಾದ ತಣ್ಣಗಿದ್ದು, ಕಂಕುಳಲ್ಲಿ 95.9ಕ್ಕಿಂತ ಕಡಿಮೆ ತೋರಿಸಿದರೆ ಅದೂ ಜ್ವರದಷ್ಟೇ ಅಪಾಯ. ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು, ಮೇಲೆ ಹೊದಿಸಿಕೊಂಡು ಆಸ್ಪತ್ರೆಗೆ ಹೊರಡಿ.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಿದ ದಿನ ಬರುವ ಜ್ವರ ಬೇರೆ ಲೆಕ್ಕ. ಅದನ್ನು ಮುಂದೆ ಹೇಳುತ್ತೇನೆ.

ಮೈ ಬಿಸಿ ಇದೆ, ಆದರೆ ಜ್ವರ ಹೌದೋ ಅಲ್ಲವೋ ಗೊತ್ತಾಗ್ತಿಲ್ಲ

ನಮ್ಮ ಬಾಣಂತನದ ಪದ್ಧತಿ ಗೊತ್ತಲ್ಲ. ಬಿಸಿ ಬಿಸಿ ನೀರಲ್ಲಿ ಎರೆದು, ಲೋಬಾನದ ಹೊಗೆ ಹಾಕಿ, ಕುಲಾವಿ ಕಟ್ಟಿ, ಎರಡು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸ್ತಾರೆ. ಅದೂ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ! ಅಂಥ ಮಗುವಿನ ಹಣೆ ಮುಟ್ಟಿದರೆ ಬಿಸಿ ಇರದೆ ಇನ್ನೇನು.

ಹಾಗಾಗಿ ಮೊದಲ ಪರೀಕ್ಷೆಗೆ ಕಾಸೂ ಬೇಡ. ಕುಲಾವಿ ಬಿಚ್ಚಿ, ಸುತ್ತಿದ ಬಟ್ಟೆ ತೆಗೆದು, ಒಂದು ತೆಳು ಅಂಗಿಯಲ್ಲಿ ಮಲಗಿಸಿ, ಗಾಳಿಯಾಡುವಂತೆ ಮಾಡಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಬಿಸಿ ಇಳಿದು, ಮಗು ಎಂದಿನಂತೆ ಹಾಲು ಕುಡಿದರೆ ಅದು ಬಟ್ಟೆಯ ಬಿಸಿ. ಆದರೆ ಮಗು ಸಪ್ಪಗಿದ್ದರೆ ಈ ಇಪ್ಪತ್ತು ನಿಮಿಷವೂ ಕಾಯಬೇಡಿ.

ಎರಡನೆಯದು ಥರ್ಮಾಮೀಟರ್. ಡಿಜಿಟಲ್ ಇರಲಿ, ಹಳೇ ಪಾದರಸದ ಗಾಜಿನದ್ದು ಬೇಡ, ಒಡೆದರೆ ತೊಂದರೆ. ಕೊರೊನಾ ಕಾಲದಲ್ಲಿ ಎಲ್ಲರೂ ತಂದಿಟ್ಟುಕೊಂಡ ಹಣೆಗೆ ಹಿಡಿಯುವ ಗನ್ ಇದೆಯಲ್ಲ, ಅದು ಬೆವರಿಗೆ, ಫ್ಯಾನ್ ಗಾಳಿಗೆ ಒಂದೊಂದು ಸಲ ಒಂದೊಂದು ತೋರಿಸುತ್ತೆ. ಮಗುವಿನ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ. ಕಂಕುಳ ಬೆವರು ಒರೆಸಿ. ಥರ್ಮಾಮೀಟರಿನ ತುದಿ ಕಂಕುಳ ಗುಳಿಯ ಮಧ್ಯಕ್ಕೆ ಬರಬೇಕು, ಹಿಂದೆ ಅಂಗಿಯೊಳಗೆ ತೂರಿಕೊಂಡಿರಬಾರದು. ತೋಳನ್ನು ಮೈಗೆ ಒತ್ತಿ ಹಿಡಿದು ಬೀಪ್ ಬರುವ ತನಕ ಬಿಡಬೇಡಿ. ಹಾಲು ಕುಡಿಸುತ್ತಲೇ ಇಟ್ಟರೆ ಮಗು ಒದ್ದಾಡಲ್ಲ. ಕಂಕುಳಲ್ಲಿ ಬರುವುದು ಮೈಯೊಳಗಿನ ಬಿಸಿಗಿಂತ ಸ್ವಲ್ಪ ಕಡಿಮೆಯೇ. ನೀವೇ ಒಂದು ಡಿಗ್ರಿ ಸೇರಿಸಿ ಹೇಳೋದು ಬೇಡ, "ಕಂಕುಳಲ್ಲಿ ಇಷ್ಟು" ಅಂತ ಡಾಕ್ಟರಿಗೆ ಹೇಳಿದರೆ ಸಾಕು.

ಜ್ವರ ಇದೆ, ಆದರೆ ಮಗು ಆಡ್ತಿದೆ, ಹಾಲು ಕುಡೀತಿದೆ

ಮೂರು ತಿಂಗಳು ದಾಟಿದ ಮಗುವಾದರೆ ಇದು ನೆಮ್ಮದಿಯ ಸುದ್ದಿ. ಬಹಳಷ್ಟು ಸಲ ಇದು ವೈರಸ್ ಜ್ವರ, ಎರಡು ಮೂರು ದಿನದಲ್ಲಿ ತಾನಾಗೇ ಬಿಡುತ್ತದೆ. ತೆಳು ಬಟ್ಟೆ ಹಾಕಿ. ಎದೆಹಾಲನ್ನು ಎಂದಿಗಿಂತ ಜಾಸ್ತಿ ಸಲ ಕೊಡಿ. ಆರು ತಿಂಗಳು ತುಂಬದ ಮಗುವಿಗೆ ಜ್ವರ ಅಂತ ನೀರು ಕುಡಿಸಬೇಡಿ, ಹಾಲಲ್ಲೇ ಬೇಕಾದಷ್ಟು ನೀರಿದೆ. ತಾಯಿಗೇ ಶೀತ ಆಗಿದ್ದರೂ ಹಾಲು ನಿಲ್ಲಿಸೋ ಅಗತ್ಯ ಇಲ್ಲ. ಈ ಮಾತಿಗೆ ಮನೆಯ ಹಿರಿಯರಿಂದ ಬೈಸಿಕೊಳ್ಳಬೇಕಾಗಬಹುದು, ಬೈಸಿಕೊಳ್ಳಿ.

ಕಾರಣ ಹುಡುಕುವಾಗ ಮೊದಲು ತಾಯಿ ಕಾರ್ಡ್ ತೆಗೆದು ನೋಡಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಗೆ ಅದೇ ದಿನ ಅಥವಾ ಮಾರನೇ ದಿನ ಜ್ವರ ಬರೋದು, ತೊಡೆ ಊದೋದು ಮಾಮೂಲು. ಲಸಿಕೆ ಹಾಕಿದ ಸಿಸ್ಟರ್ ಹೇಳಿದ ಪ್ರಮಾಣದಲ್ಲೇ ಔಷಧಿ ಕೊಡಿ. ಸಂಶಯ ಇದ್ದರೆ ಅವರಿಗೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ. ಮಗು ಹಾಲು ಬಿಟ್ಟರೆ, ಸಪ್ಪಗಾದರೆ, ಎರಡನೇ ದಿನ ಕಳೆದರೂ ಜ್ವರ ಇದ್ದರೆ "ಲಸಿಕೆದೇ ಬಿಡು" ಅಂತ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಾದರೆ ಒಂದು ದಿನ ದಾಟಿದರೇ ತೋರಿಸಿ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆಯ ಜ್ವರ ಮಾತ್ರ ಒಂದು ವಾರ ಬಿಟ್ಟು ಬರುತ್ತೆ, ಜೊತೆಗೆ ತೆಳುವಾಗಿ ಕೆಂಪು ಗುಳ್ಳೆಯೂ ಏಳಬಹುದು. ಅಷ್ಟರಲ್ಲಿ ಲಸಿಕೆ ಹಾಕಿಸಿದ್ದೇ ಮರೆತುಹೋಗಿರುತ್ತೆ.

ಇನ್ನು ಹಲ್ಲು. "ಹಲ್ಲು ಬರ್ತಿದೆ, ಅದಕ್ಕೇ ಜ್ವರ" ಅನ್ನುವ ಮಾತಿನಿಂದ ಎಷ್ಟೋ ಮಕ್ಕಳ ಕಿವಿ ಸೋಂಕು, ಮೂತ್ರದ ಸೋಂಕು ನಾಲ್ಕೈದು ದಿನ ತಡವಾಗಿದೆ. ಹಲ್ಲು ಬರುವಾಗ ಜೊಲ್ಲು ಸುರಿಯುತ್ತೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ, ಮೈ ಒಂಚೂರು ಬೆಚ್ಚಗಾದರೂ ಆಗಬಹುದು. 101, 102 ಹಲ್ಲಿನ ಜ್ವರ ಅಲ್ಲ. ಶೀತ ಕೆಮ್ಮು ಏನೂ ಇಲ್ಲದೆ ಬರೀ ಜ್ವರ ಇದ್ದರೆ, ಅದರಲ್ಲೂ ಉಚ್ಚೆ ಮಾಡುವಾಗ ಅತ್ತರೆ, ಮೂತ್ರ ಪರೀಕ್ಷೆ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಔಷಧಿ ಕೊಡಬೇಕು, ಎಷ್ಟು ಅಂತ ಗೊತ್ತಿಲ್ಲ

ಅತಿ ಜಾಸ್ತಿ ತಪ್ಪಾಗುವ ಜಾಗ ಇದೇ. ಪ್ಯಾರಾಸಿಟಮಾಲ್ ಕೊಡೋದು ತೂಕ ನೋಡಿ, ವಯಸ್ಸು ನೋಡಿ ಅಲ್ಲ. ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಆರು ಗಂಟೆ ಅಂತರ ಇರಲಿ, ದಿನಕ್ಕೆ ನಾಲ್ಕು ಸಲ ದಾಟಬಾರದು.

ಈಗ ಬಾಟಲಿ ನೋಡಿ. ಒಂದೇ ಹೆಸರಿನಲ್ಲಿ ಮೂರು ಥರ ಸಿಗುತ್ತೆ. ಡ್ರಾಪ್ಸ್ ಆದರೆ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರುತ್ತೆ. ಸಿರಪ್ ಆದರೆ 5 ಎಂಎಲ್‌ನಲ್ಲಿ 120 ಅಥವಾ 125. ಇನ್ನೊಂದು ಗಟ್ಟಿ ಸಿರಪ್ಪಿನ 5 ಎಂಎಲ್‌ನಲ್ಲಿ 250. ನಿಮ್ಮ ಮಗು 8 ಕೆಜಿ ಅಂದುಕೊಳ್ಳಿ. ಒಂದು ಸಲಕ್ಕೆ ಬೇಕಾದ್ದು 80ರಿಂದ 120 ಮಿಲಿಗ್ರಾಂ. ಡ್ರಾಪ್ಸ್‌ನಲ್ಲಿ ಅದು ಹೆಚ್ಚೆಂದರೆ 1.2 ಎಂಎಲ್. 120ರ ಸಿರಪ್‌ನಲ್ಲಿ 5 ಎಂಎಲ್. 250ರದ್ದರಲ್ಲಿ ಸುಮಾರು ಎರಡೂಕಾಲು ಎಂಎಲ್. ಹೋದ ಸಲ ಸಿರಪ್ "ಒಂದು ಚಮಚ" ಕೊಟ್ಟಿದ್ದ ಅಜ್ಜಿ ಈ ಸಲ ಡ್ರಾಪ್ಸನ್ನೂ ಒಂದು ಚಮಚ ಕೊಟ್ಟರೆ 500 ಮಿಲಿಗ್ರಾಂ ಹೋಯಿತು, ಅಂದರೆ ನಾಲ್ಕು ಪಟ್ಟು. ಅದು ಯಕೃತ್ತನ್ನು ಕೆಡಿಸುತ್ತೆ. ಹಾಗೇನಾದರೂ ಆದರೆ ಮಗು ಚೆನ್ನಾಗಿ ಕಂಡರೂ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಅಡುಗೆಮನೆ ಚಮಚ ಬೇಡ. ಬಾಟಲಿ ಜೊತೆ ಬರುವ ಡ್ರಾಪರ್, ಮುಚ್ಚಳ, ಇಲ್ಲವಾದರೆ ಸೂಜಿ ಇಲ್ಲದ ಸಿರಿಂಜ್. ಸಿರಿಂಜನ್ನು ಕೆನ್ನೆಯ ಒಳಬದಿಗೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಿ, ನೇರ ಗಂಟಲಿಗೆ ಹೊಡೆದರೆ ನೆತ್ತಿಗೆ ಹತ್ತುತ್ತೆ. ಕೊಟ್ಟ ತಕ್ಷಣ ಎಲ್ಲಾ ಹೊರಗೆ ಬಂದರೆ ಮತ್ತೆ ಕೊಡಬಹುದು. ಅರ್ಧ ಗಂಟೆ ಆದಮೇಲೆ ವಾಂತಿಯಾದರೆ ಬೇಡ. ಕೊಟ್ಟ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಇಲ್ಲದಿದ್ದರೆ ಅಮ್ಮ ಒಂದು ಸಲ, ಅಪ್ಪ ಒಂದು ಸಲ ಕೊಟ್ಟು ಲೆಕ್ಕ ತಪ್ಪುತ್ತೆ.

ಬೇರೆ ಔಷಧಿಗಳ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಆಸ್ಪಿರಿನ್ ಬೇಡವೇ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡೋದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಐಬುಪ್ರೊಫೇನ್ ಆರು ತಿಂಗಳೊಳಗೆ ಬೇಡ, ಡೆಂಗಿ ಸಂಶಯ ಇದ್ದರೆ ಯಾವ ವಯಸ್ಸಿಗೂ ಬೇಡ. ಮೆಫೆನಾಮಿಕ್ ಆಸಿಡ್ ಸಿರಪ್ಪನ್ನು ಮೆಡಿಕಲ್ ಸ್ಟೋರಿನವರು "ಬೇಗ ಇಳಿಯುತ್ತೆ" ಅಂತ ಕೊಡ್ತಾರೆ. ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ 2023ರ ನವೆಂಬರ್‌ನಲ್ಲಿ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಎಚ್ಚರಿಸಿದೆ. ಡಾಕ್ಟರ್ ಬರೆದುಕೊಡದೆ ತರಬೇಡಿ.

ಔಷಧಿ ಕೊಟ್ಟರೂ ಜ್ವರ ಪೂರ್ತಿ ಇಳೀತಿಲ್ಲ

ಇಳಿಯಲೇಬೇಕು ಅಂತಿಲ್ಲ. 103 ಇದ್ದದ್ದು 101ಕ್ಕೆ ಬಂದು, ಮಗು ಎದ್ದು ಹಾಲು ಕುಡಿದು ನಿಮ್ಮ ಮುಖ ನೋಡಿ ನಕ್ಕರೆ ಔಷಧಿ ಕೆಲಸ ಮಾಡಿದೆ. ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ಏರೋದೂ ಮಾಮೂಲೇ. ಔಷಧಿ ಕೊಟ್ಟು ಒಂದು ಗಂಟೆ ಆದಮೇಲೆ ಮಗು ಹೇಗಿದೆ ಅನ್ನೋದನ್ನು ಗಮನಿಸಿ. ಜ್ವರ ಇಳಿದಾಗಲೂ ಸಪ್ಪಗೇ ಇದ್ದರೆ, ಎಬ್ಬಿಸಿದರೂ ಏಳದಿದ್ದರೆ, ಎತ್ತಿಕೊಂಡರೂ ನಿಲ್ಲದಂತೆ ಕಿರುಚಿ ಅಳುತ್ತಿದ್ದರೆ ಆಗ ಹೊರಡಬೇಕು.

ಒರೆಸೋದಾದರೆ ಉಗುರು ಬೆಚ್ಚಗಿನ ನೀರಲ್ಲಿ. ಐಸ್ ನೀರು ಬೇಡ, ಮಗು ನಡುಗುತ್ತೆ, ನಡುಗಿದರೆ ಮೈ ಇನ್ನೂ ಬಿಸಿಯಾಗುತ್ತೆ. ಸ್ಪಿರಿಟ್, ಕಲೋನ್ ಹಚ್ಚಬೇಡಿ.

ಮನೆಮದ್ದಿನ ಜಗಳವೂ ಸಾಮಾನ್ಯವಾಗಿ ಈ ಹೊತ್ತಿಗೇ ಶುರುವಾಗೋದು. ದೃಷ್ಟಿ ತೆಗೆಯಲಿ, ಅದರಿಂದ ಕೆಡುಕಿಲ್ಲ. ಆದರೆ ಬಜೆಯನ್ನು ಜೇನುತುಪ್ಪದಲ್ಲಿ ತೇಯ್ದು ನೆಕ್ಕಿಸೋದಕ್ಕೆ ಬಿಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಕರುಳಲ್ಲಿ ಬೆಳೆದು ನರಗಳನ್ನು ಸೋಲಿಸುತ್ತೆ. ಹೊಟ್ಟೆಯ ಮೇಲೆ ಬರೆ ಹಾಕೋದು, ಊದುಬತ್ತಿಯಲ್ಲಿ ಸುಡೋದು ಇನ್ನೂ ಅಲ್ಲಲ್ಲಿ ಇದೆ. ಅದರಿಂದ ಜ್ವರ ಹೋಗಲ್ಲ, ಗಾಯಕ್ಕೆ ಇನ್ನೊಂದು ಸೋಂಕು ಸೇರುತ್ತೆ ಅಷ್ಟೇ. ಯಾರು ಹೇಳಿದರೂ ಬೇಡ ಅನ್ನಿ.

ಉಸಿರು ಜೋರಾಗಿದೆ, ಎದೆ ಗೊರಗೊರ ಅಂತಿದೆ

ಸದ್ದು ಕೇಳಿ ಗಾಬರಿಯಾಗುವ ಮೊದಲು ಎಣಿಸಿ. ಮಗು ಅಳದೆ ಇರುವಾಗ, ಮಲಗಿರುವಾಗ ಅಂಗಿ ಮೇಲೆತ್ತಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ ಹೊಟ್ಟೆ ಎಷ್ಟು ಸಲ ಏರುತ್ತೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಎಳೆ ಮಕ್ಕಳ ಉಸಿರು ನಡುನಡುವೆ ನಿಂತು ಓಡುತ್ತೆ. ಎರಡು ತಿಂಗಳೊಳಗೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ಜ್ವರ ಕೆಮ್ಮಿನ ಜೊತೆ ಹೀಗಿದ್ದರೆ ನ್ಯುಮೋನಿಯಾ ಇರಬಹುದು. ಅದೇ ದಿನ ತೋರಿಸಬೇಕು, ಎರಡು ತಿಂಗಳೊಳಗಿನ ಕೂಸಾದರೆ ಕೂಡಲೇ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ನೋಡಿ. ಉಸಿರು ಎಳೆದಾಗಲೆಲ್ಲ ಆ ಜಾಗ ಗುಳಿ ಬಿದ್ದಂತೆ ಒಳಗೆ ಹೋಗುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದರೆ, ತುಟಿ ನೀಲಿಯಾದರೆ ಎಣಿಕೆ ನಿಲ್ಲಿಸಿ 108ಕ್ಕೆ ಫೋನ್ ಮಾಡಿ.

ಎಣಿಕೆ ಸರಿ ಇದೆ, ಮಗು ಹಾಲೂ ಕುಡೀತಿದೆ, ಬರೀ ಗೊರಗೊರ ಅಂದರೆ ಬಹುತೇಕ ಮೂಗು ಕಟ್ಟಿದ ಸದ್ದು. ಹಾಲು ಕೊಡುವ ಮೊದಲು ಮೂಗಿಗೆ ಸಲೈನ್ ಡ್ರಾಪ್ಸ್ ಒಂದೆರಡು ಹನಿ ಹಾಕಿದರೆ ಸಾಕು. ಕರ್ಪೂರ ಕಾಯಿಸಿದ ಎಣ್ಣೆ ಎದೆಗೆ, ಮೂಗಿಗೆ ಹಚ್ಚಬೇಡಿ, ಎಳೆ ಮಕ್ಕಳಿಗೆ ಕರ್ಪೂರದಿಂದ ಫಿಟ್ಸ್ ಬರಬಹುದು. ಕೆಮ್ಮಿನ ಸಿರಪ್ಪೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಸೇರಿದ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರಲ್ಲ, ಆಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಸಿರಪ್ ಬರೆಯಲೇಬಾರದು ಅಂತ ಹೇಳಿತು. ಸಿರಪ್ ಚೆನ್ನಾಗಿದ್ದರೂ ಈ ವಯಸ್ಸಿಗೆ ಅದರಿಂದ ಉಪಯೋಗ ಇಲ್ಲ.

ವಾಂತಿ, ಭೇದಿ, ಉಚ್ಚೆ ಕಡಿಮೆ

ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಮಾಡುವ ಮಗು ಆರರಿಂದ ಎಂಟು ಗಂಟೆ ಮಾಡದೆ ಇದ್ದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ. ಡೈಪರ್ ಹಾಕಿದ್ದರೆ ಇದು ಗೊತ್ತೇ ಆಗಲ್ಲ. ಜ್ವರ ಭೇದಿ ಇರುವ ದಿನ ಬಟ್ಟೆಯ ಲಂಗೋಟಿ ಕಟ್ಟಿ. ಕಣ್ಣು ಗುಳಿಬಿದ್ದಿದೆಯಾ, ಅತ್ತರೆ ಕಣ್ಣೀರು ಬರುತ್ತಾ, ನಾಲಿಗೆ ಒಣಗಿದೆಯಾ, ನೆತ್ತಿಯ ಮೆತ್ತಗಿನ ಜಾಗ ಒಳಗೆ ಕುಸಿದಿದೆಯಾ ನೋಡಿ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಹೋಗಬೇಕು. ನಿಧಾನವಾಗಿ ಹೋದರೆ ಆಸ್ಪತ್ರೆಗೆ. ನೆತ್ತಿ ಒಳಗೆ ಹೋಗುವ ಬದಲು ಮಗು ಅಳದೆ ಕೂತಿರುವಾಗಲೂ ಉಬ್ಬಿಕೊಂಡಿದ್ದರೆ ಅದು ಬೇರೆಯೇ ಸಂಗತಿ, ಮೆದುಳು ಜ್ವರದ ಲಕ್ಷಣ. ಒಂದು ನಿಮಿಷವೂ ತಡ ಬೇಡ.

ಅಷ್ಟು ಕೆಟ್ಟಿಲ್ಲ ಅಂದರೆ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ. ಕಣ್ಣಂದಾಜಿಗೆ ಅರ್ಧ ಲೋಟಕ್ಕೆ ಒಂದು ಚಿಟಿಕೆ ಹಾಕಿದರೆ ಉಪ್ಪಿನ ಲೆಕ್ಕ ತಪ್ಪಿ ಅಪಾಯ. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿ ಆದಮೇಲೆ 50ರಿಂದ 100 ಎಂಎಲ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರು ಮಾಡಿ. ಎದೆಹಾಲು ನಡೆಯಲಿ. ಜೊತೆಗೆ ಜಿಂಕ್, ಆರು ತಿಂಗಳೊಳಗೆ 10, ಆಮೇಲೆ 20 ಮಿಲಿಗ್ರಾಂ, 14 ದಿನ. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತೆ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅವುಗಳ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ.

ಹಸಿರು ವಾಂತಿ, ಭೇದಿಯಲ್ಲಿ ರಕ್ತ, ಹೊಟ್ಟೆ ಉಬ್ಬರಿಸಿ ಗಟ್ಟಿಯಾಗೋದು ಕಂಡರೆ ಓಆರ್‌ಎಸ್ ಕಲಸುತ್ತಾ ಕೂರಬೇಡಿ, ಹೊರಡಿ.

ಮೈಮೇಲೆ ಕೆಂಪು ಗುಳ್ಳೆ, ಕಲೆ

ಮೊದಲು ಗಾಜಿನ ಲೋಟದ ಪರೀಕ್ಷೆ. ಕಲೆಯ ಮೇಲೆ ಲೋಟ ಒತ್ತಿ ಗಾಜಿನ ಮೂಲಕ ನೋಡಿ. ಬಣ್ಣ ಮಾಯವಾದರೆ ಸದ್ಯಕ್ಕೆ ಗಾಬರಿ ಬೇಡ. ಒತ್ತಿದರೂ ಕೆಂಪಗೋ ನೇರಳೆಯಾಗೋ ಹಾಗೇ ಉಳಿದರೆ ಅದು ಚರ್ಮದ ಕೆಳಗಿನ ರಕ್ತ, ತುರ್ತು. ಕಪ್ಪು ಮೈಬಣ್ಣದ ಮಗುವಾದರೆ ಅಂಗಾಲು, ಅಂಗೈಯಲ್ಲಿ ನೋಡಿ.

ಮೂರು ದಿನ ಜೋರು ಜ್ವರ ಇದ್ದು, ಬಿಟ್ಟ ಮೇಲೆ ಗುಲಾಬಿ ಚುಕ್ಕೆ ಎದ್ದರೆ ಸಾಮಾನ್ಯವಾಗಿ ಅದು ತಾನೇ ಹೋಗುವ ವೈರಸ್. ಕಣ್ಣು ಕೆಂಪಾಗಿ, ಮೂಗು ಸುರಿದು, ಕಿವಿಯ ಹಿಂದಿನಿಂದ ಮೈಗೆಲ್ಲ ಇಳಿದರೆ ದಡಾರ. ನೀರುಗುಳ್ಳೆಯಾದರೆ "ಅಮ್ಮ ಬಂದಿದೆ" ಅಂತ ಡಾಕ್ಟರಿಗೆ ತೋರಿಸದೆ ಇರುವ ಮನೆಗಳು ಇನ್ನೂ ಇವೆ. ಬೇವಿನ ಸೊಪ್ಪು ಇಡಿ, ಪೂಜೆ ಮಾಡಿ, ಡಾಕ್ಟರಿಗೂ ತೋರಿಸಿ. ಒಂದು ವರ್ಷದೊಳಗಿನ ಮಗುವಿಗೆ ಅದು ಎದೆಗೆ ಇಳಿಯಬಹುದು.

ಫಿಟ್ಸ್ ಬಂತು

ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಜ್ವರ ಏರುವಾಗ ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದು, ಅದುರುತ್ತೆ. ನೋಡೋಕೆ ಭಯಂಕರ. ಬಹುಪಾಲು ಐದು ನಿಮಿಷದೊಳಗೆ ನಿಲ್ಲುತ್ತೆ. ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ಕತ್ತಿನ ಹತ್ತಿರ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಹಾಕಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ. ಅದುರೋದನ್ನು ಒತ್ತಿ ಹಿಡಿಯಬೇಡಿ. ಆಗುವುದಾದರೆ ಒಬ್ಬರು ವಿಡಿಯೊ ಮಾಡಿ, ಡಾಕ್ಟರಿಗೆ ನಿಮ್ಮ ವಿವರಣೆಗಿಂತ ಅದು ಉಪಯೋಗ.

ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಮೈಯ ಒಂದೇ ಕಡೆ ಅದುರಿದರೆ, ಆರು ತಿಂಗಳೊಳಗಿನ ಮಗುವಾದರೆ 108. ಮೊದಲ ಸಲ ಬಂದದ್ದಾದರೆ ಎಷ್ಟೇ ಬೇಗ ನಿಂತರೂ ಅವತ್ತೇ ತೋರಿಸಿ.

ಜ್ವರ ಬಿಟ್ಟಿತು, ಆದರೆ ಮಗು ಇನ್ನೂ ಸಪ್ಪೆ

ಮಳೆಗಾಲದಲ್ಲಿ ಇದನ್ನು ಮರೆಯಲೇಬಾರದು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆಯಲ್ಲ. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗ ಅಲ್ಲ, ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿದಾಗ. "ಬಿಡ್ತು ಸದ್ಯ" ಅಂತ ಎಲ್ಲರೂ ಉಸಿರು ಬಿಡುವ ಹೊತ್ತಿಗೆ ರಕ್ತನಾಳದಿಂದ ನೀರು ಸೋರೋಕೆ ಶುರುವಾಗಿರುತ್ತೆ. ಕೈಕಾಲು ತಣ್ಣಗೆ, ವಾಂತಿ ಮೇಲೆ ವಾಂತಿ, ಹೊಟ್ಟೆ ಮುಟ್ಟಿದರೆ ಅಳು, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಉಚ್ಚೆ ಕಡಿಮೆ: ಇದರಲ್ಲಿ ಒಂದು ಕಂಡರೂ ದಾಖಲು ಮಾಡಿಕೊಳ್ಳುವ ಆಸ್ಪತ್ರೆಗೇ ಹೋಗಿ. ಪಪ್ಪಾಯಿ ಎಲೆ ರಸ ಎಳೆ ಮಗುವಿಗೆ ಕುಡಿಸಿ ವಾಂತಿ ಜಾಸ್ತಿ ಮಾಡಬೇಡಿ.

ಹೊರಡುವಾಗ

ತಾಯಿ ಕಾರ್ಡ್, ಕೊಟ್ಟ ಔಷಧಿಯ ಬಾಟಲಿ, ಜ್ವರ ಮತ್ತು ಔಷಧಿ ಹೊತ್ತು ಬರೆದ ಚೀಟಿ, ಎರಡು ಜೊತೆ ಬಟ್ಟೆ. ದಾರಿಯಲ್ಲೂ ಹಾಲು ಕುಡಿಸುತ್ತಿರಿ, ಫಿಟ್ಸ್ ಅಥವಾ ಉಸಿರಿನ ತೊಂದರೆ ಇದ್ದರೆ ಮಾತ್ರ ಬೇಡ. ಹೋಗಬೇಕಾ ಬೇಡವಾ ಅಂತ ಗೊಂದಲ ಇದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ತಿಂಗಳೊಳಗಿನ ಕೂಸಾದರೆ ಹತ್ತಿರದ ಕ್ಲಿನಿಕ್‌ಗಳನ್ನು ಸುತ್ತೋದಕ್ಕಿಂತ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ನೇರ ಹೋಗೋದು ವಾಸಿ.

ಮಗು ಚೆನ್ನಾಗಿದ್ದರೂ ಮೂರು ದಿನ ದಾಟಿದ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ಫ್ರಿಜ್‌ನಲ್ಲಿದ್ದರೆ ಚೆಲ್ಲಿಬಿಡಿ, ಕಲಸಿದ ಮೇಲೆ ಅದರ ಆಯುಸ್ಸು ಒಂದೆರಡು ವಾರ ಅಷ್ಟೇ. ಡಾಕ್ಟರ್ ಹೊಸದಾಗಿ ಬರೆದುಕೊಟ್ಟರೆ ಹೇಳಿದಷ್ಟು ದಿನ ಕೊಡಿ. ಎರಡು ದಿನ ಕೊಟ್ಟರೂ ಜ್ವರ ಹಾಗೇ ಇದ್ದರೆ ಮತ್ತೆ ಅವರಿಗೇ ತೋರಿಸಿ. ಬೇರೆ ಡಾಕ್ಟರ ಹತ್ತಿರ ಹೋಗುವುದಾದರೆ ಹಳೇ ಚೀಟಿ ಜೊತೆಯಲ್ಲಿರಲಿ.